ಲ್ಯಾಪ್‌ಟಾಪ್‌ಗೊಂದು ವೈರ್‌ಲೆಸ್ ಹೆಡ್‌ಸೆಟ್: ನನ್ನ ಅನುಭವ

ಲ್ಯಾಪ್‌ಟಾಪ್‌ಗೆ ವೈರ್‌ಲೆಸ್ ಹೆಡ್‌ಸೆಟ್ ಕೊಳ್ಳಬೇಕೆಂದು ತೀರ್ಮಾನಿಸಿದಾಗ ನಾನು ಮೊದಲು ಹೆಡ್‌ಸೆಟ್‌ಗಳನ್ನು ಹುಡುಕಲಿಲ್ಲ. ಲ್ಯಾಪ್‌ಟಾಪ್‌ನಲ್ಲಿರುವ ಬ್ಲೂಟೂತ್ ಎಂಥದ್ದು ಎಂಬುದನ್ನು ತಿಳಿದುಕೊಂಡೆ. ನನ್ನ ಕೆಲಸದಲ್ಲಿ ಹಾಡು ಕೇಳುವುದಕ್ಕಿಂತ ಆನ್‌ಲೈನ್ ಸಭೆಗಳಲ್ಲಿ ಮಾತನಾಡುವುದೇ ಹೆಚ್ಚು. ಹಾಡಿಗೆ ಹೆಡ್‌ಸೆಟ್ ಒಂದು ಚೆನ್ನಾಗಿದ್ದರೆ ಬಹುಮಟ್ಟಿಗೆ ಸಾಕು. ಮಾತಿಗಾದರೋ ಲ್ಯಾಪ್‌ಟಾಪ್ ಮತ್ತು ಹೆಡ್‌ಸೆಟ್ ಎರಡರ ಸಾಮರ್ಥ್ಯವೂ ಹೊಂದಿಕೊಳ್ಳಬೇಕು.

ವಿಂಡೋಸ್‌ನಲ್ಲಿ ಇದನ್ನು ನೋಡುವುದು ಸುಲಭ. ಡಿವೈಸ್ ಮ್ಯಾನೇಜರ್ ತೆರೆದು, ಬ್ಲೂಟೂತ್ ವಿಭಾಗದಲ್ಲಿರುವ ಅಡಾಪ್ಟರ್‌ನ ಪ್ರಾಪರ್ಟೀಸ್‌ಗೆ ಹೋಗಿ, ಅಡ್ವಾನ್ಸ್‌ಡ್ ಪುಟವನ್ನು ನೋಡಿದರೆ ಅಲ್ಲಿ ಎಲ್‌ಎಂಪಿ ಎಂಬ ಸಂಖ್ಯೆಯೊಂದು ಕಾಣಿಸುತ್ತದೆ. ಅದು 6 ಆಗಿದ್ದರೆ ಬ್ಲೂಟೂತ್ 4.0, 8 ಆಗಿದ್ದರೆ 4.2, 9 ಆಗಿದ್ದರೆ 5.0, 11 ಆಗಿದ್ದರೆ 5.2 ಎಂದು ಅರ್ಥ. ನನ್ನದು 9 ಎಂದು ತೋರಿಸಿತು. ಹೆಡ್‌ಸೆಟ್ ಪೆಟ್ಟಿಗೆಯ ಮೇಲೆ 5.3 ಎಂದು ಎಷ್ಟೇ ದೊಡ್ಡದಾಗಿ ಬರೆದಿದ್ದರೂ ನನ್ನ ಯಂತ್ರದ ಮಟ್ಟಿಗೆ ಸಂಪರ್ಕ ನಡೆಯುವುದು ಇಬ್ಬರಿಗೂ ಗೊತ್ತಿರುವ ಹಳೆಯ ವಿಧಾನದಲ್ಲಿಯೇ ಎಂಬುದು ಇದರಿಂದ ಖಚಿತವಾಯಿತು, ಹಾಗಾಗಿ ಆ ಸಂಖ್ಯೆಗೋಸ್ಕರ ಹೆಚ್ಚು ಹಣ ಕೊಡುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಬಳಿಕ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈ ಮತ್ತು ಬ್ಲೂಟೂತ್ ಒಂದೇ ಚಿಕ್ಕ ಕಾರ್ಡಿನಲ್ಲಿರುತ್ತವೆ, ಆದರೆ ಅವುಗಳ ಡ್ರೈವರ್‌ಗಳು ಬೇರೆ ಬೇರೆ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನನ್ನ ಮಾದರಿಗೆ ಸಂಬಂಧಿಸಿದ ಡ್ರೈವರನ್ನೇ ಇಳಿಸಿಕೊಂಡು ಹಾಕಿದೆ. ಅದೇ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದೆಂಬ ಅನುಮತಿಗೆ ಹಾಕಿದ್ದ ಗುರುತನ್ನು ತೆಗೆದೆ. ಲ್ಯಾಪ್‌ಟಾಪ್ ನಿದ್ರಾಸ್ಥಿತಿಯಿಂದ ಎದ್ದ ಮೇಲೆ ಬ್ಲೂಟೂತ್ ಕಾಣೆಯಾಗುವ ತೊಂದರೆ ನನ್ನಲ್ಲಿ ಇದರಿಂದಲೇ ನಿಂತಿತು.

ಪೇರಿಂಗ್, ಅಂದರೆ ಎರಡು ಸಾಧನಗಳನ್ನು ಮೊದಲ ಸಲ ಪರಿಚಯಿಸಿ ಜೋಡಿಸುವುದರ ಬಗ್ಗೆ ಹೇಳಬೇಕಾದದ್ದು ಕಡಿಮೆ. ಹೆಡ್‌ಸೆಟ್‌ನ ಗುಂಡಿಯನ್ನು ದೀಪ ಬೇಗ ಬೇಗ ಮಿನುಗುವವರೆಗೂ ಒತ್ತಿ ಹಿಡಿಯಬೇಕು. ಬರೀ ಆನ್ ಮಾಡಿದರೆ ಅದು ತನಗೆ ಮೊದಲೇ ಪರಿಚಯವಿರುವ ಫೋನನ್ನು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಮೊದಲ ಸಲ ಜೋಡಿಸುವಾಗ ಫೋನಿನ ಬ್ಲೂಟೂತನ್ನು ಆರಿಸಿಡುವುದು ಒಳ್ಳೆಯದು. ಲಿನಕ್ಸ್ ಬಳಸುವವರು ಬ್ಲೂಟೂತ್‌ಸಿಟಿಎಲ್ (bluetoothctl) ಆದೇಶದ ಮೂಲಕ ಪೇರ್ ಮಾಡಿದ ನಂತರ ಟ್ರಸ್ಟ್ (trust) ಎಂಬ ಆದೇಶವನ್ನೂ ಕೊಡಬೇಕು, ಇಲ್ಲವಾದರೆ ಹೆಡ್‌ಸೆಟ್ ಆನ್ ಮಾಡಿದಾಗ ಅದು ತಾನಾಗಿ ಸಂಪರ್ಕಕ್ಕೆ ಬಾರದೆ ಇರಬಹುದು.

ನಿಜವಾದ ವಿಷಯ ಇರುವುದು ಮುಂದೆ. ಹೆಡ್‌ಸೆಟ್ ಜೋಡಿಸಿ ಹಾಡು ಹಾಕಿದಾಗ ಧ್ವನಿ ತುಂಬಿಕೊಂಡು ಬರುತ್ತದೆ. ಸಭೆಗೆ ಸೇರಿ ಮೈಕ್ ಆನ್ ಆದ ಗಳಿಗೆಯಲ್ಲಿ ಅದೇ ಧ್ವನಿ ಹಳೆಯ ದೂರವಾಣಿಯ ಧ್ವನಿಯಂತೆ ಕುಗ್ಗುತ್ತದೆ. ಇದನ್ನು ಹೆಡ್‌ಸೆಟ್‌ನ ದೋಷವೆಂದು ತಿಳಿದು ಹಿಂದಿರುಗಿಸುವವರು ಇದ್ದಾರೆ. ಆದರೆ ಇದು ಬ್ಲೂಟೂತ್ ರೂಪುಗೊಂಡಿರುವ ರೀತಿಯೇ ಹಾಗೆ. ಕೇಳಲು ಬಳಸುವ ಎ2ಡಿಪಿ ಎಂಬ ಪ್ರೊಫೈಲ್ (ಸಂಪರ್ಕದ ವಿಧಾನ) ಧ್ವನಿಯನ್ನು ಒಂದೇ ದಿಕ್ಕಿನಲ್ಲಿ ಸಾಗಿಸುತ್ತದೆ, ಅದರಲ್ಲಿ ಸಾಮಾನ್ಯ ಎಸ್‌ಬಿಸಿ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಕಳುಹಿಸುವ ಕ್ರಮ) ಕೂಡ ಸೆಕೆಂಡಿಗೆ 328 ಕಿಲೋಬಿಟ್‌ವರೆಗೆ ಕಳುಹಿಸಬಲ್ಲದು. ಮೈಕ್ ಬೇಕಾದಾಗ ಲ್ಯಾಪ್‌ಟಾಪ್ ಎಚ್‌ಎಫ್‌ಪಿ ಎಂಬ ಬೇರೆ ಪ್ರೊಫೈಲ್‌ಗೆ ಬದಲಾಗುತ್ತದೆ. ಅಲ್ಲಿ ಹೋಗುವ ಮತ್ತು ಬರುವ ಧ್ವನಿಗಳಿಗೆ ಸಿಗುವುದು ತಲಾ 64 ಕಿಲೋಬಿಟ್ ಮಾತ್ರ, ಸ್ಟೀರಿಯೋ ಇರುವುದಿಲ್ಲ. ಈ ಪ್ರೊಫೈಲ್‌ನ ಹಳೆಯ ಸಿವಿಎಸ್‌ಡಿ ಕೋಡೆಕ್ 8 ಕಿಲೋಹರ್ಟ್ಸ್ ದರದಲ್ಲಿ, ಅಂದರೆ ಸೆಕೆಂಡಿಗೆ ಎಂಟು ಸಾವಿರ ಸಲ, ಧ್ವನಿಯನ್ನು ಮಾದರಿಗೆ ತೆಗೆದುಕೊಂಡರೆ, 2011ರಲ್ಲಿ ಸೇರಿದ ಎಂಎಸ್‌ಬಿಸಿ 16 ಕಿಲೋಹರ್ಟ್ಸ್ ದರದಲ್ಲಿ ತೆಗೆದುಕೊಳ್ಳುತ್ತದೆ.

ಈ ವ್ಯತ್ಯಾಸ ಕನ್ನಡ ಮಾತಿನಲ್ಲಿ ಹೇಗೆ ಕೇಳಿಸುತ್ತದೆ ಎಂದು ತಿಳಿಯಲು ನಾನು ಸಕಲ, ಶಕಲ ಎಂಬಂಥ ಜೋಡಿ ಪದಗಳನ್ನು ಓದಿ, ಧ್ವನಿಮುದ್ರಿಸಿಕೊಂಡು ಕೇಳಿದೆ. 8 ಕಿಲೋಹರ್ಟ್ಸ್ ದರದಲ್ಲಿ ಅದರ ಅರ್ಧವಾದ 4 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ದಾಖಲಾಗುವುದೇ ಇಲ್ಲ, ಸಕಾರದ ಹಿಸ್ ಎನ್ನುವ ಭಾಗದ ಬಹುಪಾಲು ಇರುವುದೋ ಅದರ ಮೇಲೆಯೇ. ಹಾಗಾಗಿ ಶಕಾರ ಸ್ವಲ್ಪ ಉಳಿದುಕೊಂಡರೂ ಸಕಾರ ಮಂಕಾಗಿ, ಕೆಲವೆಡೆ ಫಕಾರದಂತೆ ಕೇಳಿಸಿತು. ಎಂಎಸ್‌ಬಿಸಿ ಇರುವ ಹೆಡ್‌ಸೆಟ್‌ನಲ್ಲಿ ಎರಡೂ ಸ್ಪಷ್ಟವಾಗಿದ್ದವು. ಇಡೀ ದಿನ ಇನ್ನೊಬ್ಬರ ಮಾತನ್ನು ಊಹಿಸಿಕೊಂಡು ಕೇಳುವುದು ಎಷ್ಟು ಆಯಾಸದ ಕೆಲಸ ಎಂಬುದು ಬಲ್ಲವರಿಗೇ ಗೊತ್ತು. ಹೆಡ್‌ಸೆಟ್‌ನ ವಿವರಗಳಲ್ಲಿ ವೈಡ್‌ಬ್ಯಾಂಡ್ ಧ್ವನಿ ಅಥವಾ ಎಂಎಸ್‌ಬಿಸಿ ಎಂಬ ಉಲ್ಲೇಖ ಇದೆಯೇ ಎಂದು ನೋಡುವುದನ್ನು ನಾನು ಮೊದಲ ಷರತ್ತಾಗಿಸಿಕೊಂಡದ್ದು ಅದಕ್ಕಾಗಿಯೇ.

ಮೈಕ್ ಆನ್ ಆದಾಗ ಧ್ವನಿ ಕುಗ್ಗುವುದಕ್ಕೊಂದು ಸರಳ ಪರಿಹಾರವೂ ಉಂಟು. ಸಭೆಯ ತಂತ್ರಾಂಶದಲ್ಲಿ ಸ್ಪೀಕರ್ ಜಾಗದಲ್ಲಿ ಹೆಡ್‌ಸೆಟ್ಟನ್ನೂ ಮೈಕ್ ಜಾಗದಲ್ಲಿ ಲ್ಯಾಪ್‌ಟಾಪ್‌ನದೇ ಮೈಕನ್ನೂ ಆಯ್ಕೆ ಮಾಡಿದರೆ ಪ್ರೊಫೈಲ್ ಬದಲಾಗುವುದಿಲ್ಲ, ಕೇಳಿಸುವ ಧ್ವನಿ ಪೂರ್ಣವಾಗಿಯೇ ಉಳಿಯುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ನಾನು ಈಗಲೂ ಹೀಗೆಯೇ ಮಾಡುತ್ತೇನೆ. ವಿಂಡೋಸ್ 10ರಲ್ಲಿ ಒಂದೇ ಹೆಡ್‌ಸೆಟ್ ಸ್ಟೀರಿಯೋ ಮತ್ತು ಹ್ಯಾಂಡ್ಸ್‌-ಫ್ರೀ ಎಂದು ಎರಡು ಹೆಸರುಗಳಲ್ಲಿ ಕಾಣಿಸುವುದರಿಂದ ಆಯ್ಕೆ ಸ್ಪಷ್ಟವಾಗಿರುತ್ತದೆ; ವಿಂಡೋಸ್ 11ರಲ್ಲಿ ಎರಡೂ ಒಂದೇ ಹೆಸರಿನಲ್ಲಿ ಸೇರಿರುವುದರಿಂದ ಮೈಕ್ ಯಾವುದು ಎಂಬ ಕಡೆಗೆ ಗಮನ ಕೊಟ್ಟರೆ ಸಾಕು. 2020ರಲ್ಲಿ ಘೋಷಣೆಯಾದ ಬ್ಲೂಟೂತ್‌ನ ಹೊಸ ಧ್ವನಿ ವ್ಯವಸ್ಥೆ ಎಲ್‌ಇ ಆಡಿಯೋ ಮತ್ತು ಅದರ ಎಲ್‌ಸಿ3 ಕೋಡೆಕ್ ಈ ಇಕ್ಕಟ್ಟನ್ನು ಬುಡದಲ್ಲಿಯೇ ಬಿಡಿಸುವ ಪ್ರಯತ್ನ. ಆದರೆ ಅದಕ್ಕೆ ಅಡಾಪ್ಟರ್, ಡ್ರೈವರ್, ಕಾರ್ಯಾಚರಣಾ ವ್ಯವಸ್ಥೆ, ಹೆಡ್‌ಸೆಟ್ ಈ ನಾಲ್ಕರಲ್ಲೂ ಬೆಂಬಲ ಇರಬೇಕು, ಬ್ಲೂಟೂತ್ 5.2 ಎಂದು ಬರೆದಿರುವುದಷ್ಟೇ ಸಾಲದು.

ಕೋಡೆಕ್‌ಗಳ ಹೆಸರುಗಳಿಗೆ ಮರುಳಾಗುವ ಮುನ್ನ ಲ್ಯಾಪ್‌ಟಾಪ್‌ಗೆ ಅದು ಬರುತ್ತದೆಯೇ ಎಂದು ನೋಡುವುದೂ ಮುಖ್ಯ. ವಿಂಡೋಸ್ ತನ್ನಷ್ಟಕ್ಕೆ ಉತ್ತಮ ಗುಣಮಟ್ಟಕ್ಕೆ ಹೆಸರಾದ ಎಲ್‌ಡಿಎಸಿ ಕೋಡೆಕನ್ನು ಬೆಂಬಲಿಸುವುದಿಲ್ಲ. ಪೈಪ್‌ವೈರ್ ಎಂಬ ಧ್ವನಿ ತಂತ್ರಾಂಶ ಇರುವ ಲಿನಕ್ಸ್‌ನಲ್ಲಿ ಅದು ಸಿಗುತ್ತದೆ.

ಮೈಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು: ಮಾತಿನ ಕೆಲಸಕ್ಕೆ ಬಾಯಿಯ ಬಳಿಗೆ ಚಾಚಿಕೊಳ್ಳುವ ಕಡ್ಡಿ ಮೈಕ್ ಇರುವ ಹೆಡ್‌ಸೆಟ್ಟೇ ಬೇಕು. ಎಎನ್‌ಸಿ ಎಂದು ಬರೆದಿರುವುದು ನಮ್ಮ ಕಿವಿಗೆ ಬೀಳುವ ಹೊರಗಿನ ಸದ್ದನ್ನು ತಗ್ಗಿಸುತ್ತದೆಯೇ ವಿನಾ ಆ ಕಡೆಯವರಿಗೆ ನಮ್ಮ ಫ್ಯಾನಿನ ಸದ್ದು ಹೋಗುವುದನ್ನು ತಡೆಯುವುದಿಲ್ಲ. ಫ್ಯಾನ್ ತಿರುಗುತ್ತಿರುವಾಗ ಒಂದೇ ಪ್ಯಾರಾವನ್ನು ಇಯರ್‌ಬಡ್ ಮತ್ತು ಕಡ್ಡಿ ಮೈಕ್ ಎರಡರಲ್ಲೂ ಓದಿ ಮುದ್ರಿಸಿ ನೋಡಿದಾಗ, ಇಯರ್‌ಬಡ್ ಸದ್ದನ್ನು ಅಳಿಸುವ ಭರದಲ್ಲಿ ಪದಗಳ ಕೊನೆಯನ್ನೂ ಅಳಿಸಿತ್ತು.

ತೂಕ, ಕಿವಿಯ ಮೇಲಿನ ಒತ್ತಡ, ಬ್ಯಾಟರಿ ಇವು ಬಳಸಿಯೇ ತಿಳಿಯಬೇಕಾದವು. ಏಕಕಾಲಕ್ಕೆ ಫೋನ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಸಂಪರ್ಕದಲ್ಲಿರುವ ಮಲ್ಟಿಪಾಯಿಂಟ್ ಅನುಕೂಲವೇ, ಆದರೆ ಸಭೆಯ ನಡುವೆ ಫೋನಿನ ಸಂದೇಶದ ಸದ್ದು ನುಗ್ಗಿ ಬರುವುದು ಬೇಡವಾದಾಗ ನಾನು ಅದನ್ನು ಆರಿಸಿಡುತ್ತೇನೆ. ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಹೆಡ್‌ಸೆಟ್ ಜೊತೆಗೇ ಯುಎಸ್‌ಬಿ ಡಾಂಗಲ್ (ಪೋರ್ಟಿಗೆ ಚುಚ್ಚುವ ಚಿಕ್ಕ ಸಾಧನ) ಕೊಡುವ ಮಾದರಿಗಳು ಹೆಚ್ಚು ನೆಮ್ಮದಿ ಕೊಡುತ್ತವೆ, ಏಕೆಂದರೆ ಅಂಥ ಡಾಂಗಲ್ ಲ್ಯಾಪ್‌ಟಾಪ್‌ಗೆ ಸೌಂಡ್ ಕಾರ್ಡಿನಂತೆ ಕಾಣುತ್ತದೆ, ಒಳಗಿನ ಬ್ಲೂಟೂತ್‌ನ ಹಂಗು ಇರುವುದಿಲ್ಲ.

ಧ್ವನಿ ಆಗಾಗ ಕಡಿದು ಬರುತ್ತಿದ್ದರೆ ಹೆಡ್‌ಸೆಟ್ಟನ್ನು ದೂರುವ ಮೊದಲು ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಸುತ್ತಲಿರುವ ರೇಡಿಯೋ ಗದ್ದಲವನ್ನು ನೋಡಬೇಕು. ವೈ-ಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದ್ದು ನನಗೆ ಎದ್ದು ಕಾಣುವಷ್ಟು ವ್ಯತ್ಯಾಸ ತಂದಿತು. ಯುಎಸ್‌ಬಿ 3.0 ಪೋರ್ಟುಗಳೂ ಕೇಬಲ್‌ಗಳೂ ಇದೇ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ರೇಡಿಯೋ ಗದ್ದಲ ಹೊಮ್ಮಿಸುತ್ತವೆಂಬುದನ್ನು ಇಂಟೆಲ್ 2012ರಲ್ಲಿಯೇ ದಾಖಲಿಸಿದೆ. ಡಾಂಗಲ್ ಪಕ್ಕದಲ್ಲಿ ಹಾರ್ಡ್‌ಡಿಸ್ಕ್ ಚುಚ್ಚಿದ್ದರೆ ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್‌ನಿಂದ ಡಾಂಗಲನ್ನು ದೂರ ತರಬಹುದು. ಇನ್ನು ಮೈಕಿನ ಕಡ್ಡಿಯನ್ನು ತುಟಿಗಳ ನೇರಕ್ಕೆ ಇಡಬಾರದು, ಪಕಾರ ಬಕಾರಗಳ ಉಸಿರು ಅದಕ್ಕೆ ಬಡಿಯುತ್ತದೆ. ಬಾಯಿಯ ಮೂಲೆಯಿಂದ ಎರಡು ಬೆರಳಿನಷ್ಟು ದೂರದಲ್ಲಿ, ಸ್ವಲ್ಪ ಕೆಳಗೆ ಇಟ್ಟುಕೊಂಡರೆ ಮಾತು ಸ್ವಚ್ಛವಾಗಿ ಹೋಗುತ್ತದೆ.