ಮಗುವಿಗೆ ಶಾಲೆ ಆರಿಸುವ ಮುನ್ನ ಲೆಕ್ಕ ನೋಡುವ ಕ್ರಮ

ಸಕಲೇಶಪುರ, ಮೂಡಿಗೆರೆಯ ಕಡೆ ಹತ್ತಿಪ್ಪತ್ತು ಮಕ್ಕಳಷ್ಟೇ ಇರುವ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರ ಸಂಬಳವು ಕೆಲವೇ ಮಕ್ಕಳ ಮೇಲೆ ಹಂಚಿಕೆಯಾಗುವುದರಿಂದ ತಲಾ ವೆಚ್ಚ ಹೆಚ್ಚಾಗಿ ಕಾಣುತ್ತದೆ. ಆ ಅಂಕಿಯನ್ನು ಕಲಿಕೆಯ ಗುಣಮಟ್ಟವೆಂದು ತಿಳಿಯಬಾರದು. ಮೊದಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರನ್ನು ಕಂಡು, ಅನುದಾನ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ವಿಚಾರಿಸಿ. ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಬಹುದು; ಕರ್ನಾಟಕದ ನಿಯಮದಂತೆ ಅದು ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು, ಉತ್ತರಕ್ಕೆ 30 ದಿನಗಳ ಗಡುವಿದೆ.

ನಂತರ ತರಗತಿಯನ್ನು ನೋಡಿ. ನಾಲ್ಕನೆಯ ತರಗತಿಯ ಮಗುವಿನಿಂದ ಎರಡನೆಯ ತರಗತಿಯ ಕನ್ನಡ ಪುಟವೊಂದನ್ನು ಓದಿಸಿ, ದಶಕ ಪಡೆಯುವ ಒಂದು ಕಳೆಯುವ ಲೆಕ್ಕ ಕೊಡಿ. ಕಟ್ಟಡದ ಬಣ್ಣ, ಟೈ, ಬೂಟುಗಳಿಗಿಂತ ಈ ಐದು ನಿಮಿಷ ಹೆಚ್ಚು ಹೇಳುತ್ತದೆ. ಇದೇ ಪರೀಕ್ಷೆಯನ್ನು ಖಾಸಗಿ ಶಾಲೆಯಲ್ಲಿಯೂ ಕೇಳಿ. ಅಲ್ಲಿ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಆಯ್ಕೆಯ ಹಕ್ಕಿನ ಮಾತಿಗೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯು ಅನುದಾನರಹಿತ ಖಾಸಗಿ ಶಾಲೆಗಳಲ್ಲಿ ಶೇ. 25ರಷ್ಟು ಸೀಟುಗಳನ್ನು ದುರ್ಬಲ ವರ್ಗದವರಿಗೆ ಮೀಸಲಿಟ್ಟಿತ್ತಾದರೂ, 2019ರಿಂದ ರಾಜ್ಯದಲ್ಲಿ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ದೊರೆಯದಂತಾಯಿತು. ನನ್ನ ದೃಷ್ಟಿಯಲ್ಲಿ ಇದು ಬಡ ಪೋಷಕರ ಆಯ್ಕೆಯನ್ನೇ ಮೊಟಕುಗೊಳಿಸಿತು. ಹಾಗಾಗಿ ಅರ್ಜಿ ಹಾಕುವ ಮೊದಲು ನಿಮ್ಮ ವಾರ್ಡ್ ಅಥವಾ ಗ್ರಾಮದ ಶಾಲೆಗಳ ಪಟ್ಟಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಪರಿಶೀಲಿಸಿಕೊಳ್ಳಿ. ಮಲೆನಾಡಿನವರು ಜುಲೈ ತಿಂಗಳ ಮಳೆಯಲ್ಲಿ ಮಗು ನಡೆಯಬೇಕಾದ ದಾರಿಯನ್ನೂ ಲೆಕ್ಕಕ್ಕೆ ಸೇರಿಸಬೇಕು.