ತೋಟದ ಕೆರೆಯಿಂದ ಆಫ್ರಿಕನ್ ಕ್ಯಾಟ್‌ಫಿಶ್ ತೆಗೆಯುವುದು: ನೀರಲ್ಲ, ಕೆಸರು ನೋಡಿ

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟದ ಕೆರೆಗೆ ಆಫ್ರಿಕನ್ ಕ್ಯಾಟ್‌ಫಿಶ್ ಸೇರಿತೆಂದರೆ ಗೊದಮೊಟ್ಟೆ, ಏಡಿ, ಸಣ್ಣ ಗೆಂಡೆಗಳಿಗೆ ಉಳಿಗಾಲವಿಲ್ಲ. ಕೆರೆ ಕೋಡಿ ಬಿದ್ದಾಗ ಅದೇ ಮೀನು ಹಳ್ಳ ಹಿಡಿದು ಹೇಮಾವತಿಗೋ ಭದ್ರೆಗೋ ಇಳಿಯುತ್ತದೆ. ಇದರ ಸಾಕಣೆಗೆ ಕೇಂದ್ರ ಸರ್ಕಾರ 2000ದಲ್ಲೇ ನಿಷೇಧ ಹೇರಿದೆ. ಆದರೂ ಬೈಕಿನಲ್ಲಿ ಮರಿ ತರುವವರು ನಮ್ಮೂರ ಕ್ಯಾಟ್‌ಫಿಶ್ ಆದ ‘ಮುರುಗೋಡು’ ಎಂದು ಹೇಳಿ ಮಾರುತ್ತಾರೆ.

ನಮ್ಮ ಮುರುಗೋಡಿಗೂ ಇದಕ್ಕೂ ನಾಲ್ಕು ನಾಲ್ಕು ಜೊತೆ ಮೀಸೆ. ಒಂದೂವರೆ ಅಡಿ ದಾಟಿದ, ಮೈಮೇಲೆ ಬೂದು-ಕಪ್ಪು ಮಚ್ಚೆ ಹರಡಿದ, ತಲೆಯ ಅಡಿಭಾಗದಲ್ಲಿ ಎರಡು ಕಪ್ಪು ಪಟ್ಟೆ ಇರುವ ಮೀನು ಸಿಕ್ಕರೆ ಅನುಮಾನ ಬೇಡ. ಮರಿಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ಕಾಫಿ ಹೂ ಅರಳಿಸಲು ಕೊಡುವ ಸ್ಪ್ರಿಂಕ್ಲರ್ ನೀರು, ಹೂವಾದ ಮೇಲೆ ಕೊಡುವ ಬ್ಯಾಕಿಂಗ್ ನೀರು ಎರಡೂ ಮುಗಿದ ಮಾರ್ಚ್ ಕೊನೆಯೇ ಸರಿಯಾದ ಹೊತ್ತು. ಕೆರೆ ಹೇಗೂ ತಳ ಕಂಡಿರುತ್ತದೆ, ಹೆಚ್ಚಿನ ಕಪ್ಪೆಗಳು ಇನ್ನೂ ಮೊಟ್ಟೆ ಇಟ್ಟಿರುವುದಿಲ್ಲ. ಭರಣಿ ಮಳೆ ಹಿಡಿಯುವ ಮುಂಚೆ ಕೆಸರು ಬಿರುಕು ಬಿಟ್ಟಿರಬೇಕು.

ಉಳಿದ ನೀರನ್ನು ಪಂಪಿನಿಂದ ತೋಟಕ್ಕೇ ಬಿಡಿ. ಫುಟ್‌ವಾಲ್ವ್‌ಗೆ ಸೊಳ್ಳೆಪರದೆ ಎರಡು ಸುತ್ತು ಕಟ್ಟಿ. ಬೇಗ ಆಗಲಿ ಎಂದು ತೂಬು ತೆಗೆದರೆ ಮೀನನ್ನು ನೀವೇ ಹಳ್ಳಕ್ಕೆ ಬಿಟ್ಟಂತೆ. ಗೆಂಡೆ, ಕೊರವದಂಥ ಊರ ಮೀನುಗಳನ್ನು ಟಾರ್ಪಾಲಿನ್ ತೊಟ್ಟಿಯಲ್ಲಿ ಕೆರೆಯದೇ ನೀರು ತುಂಬಿ ಉಳಿಸಿಕೊಳ್ಳಿ. ಮೀಸೆಯಿರುವ ಬೆರಳುದ್ದದ ಮರಿ ಒಂದನ್ನೂ ಉಳಿಸಬೇಡಿ. ಅದರಲ್ಲಿ ನಾಲ್ಕು ಮುರುಗೋಡು ಹೋದರೂ ಹೋಗಲಿ.

ಎಲ್ಲರೂ ಎಡವುವುದು ಇದಾದ ಮೇಲೆ. ದೊಡ್ಡ ಮೀನು ನಾಲ್ಕು ಸಿಕ್ಕಿತೆಂದು ಮಾರನೇ ದಿನವೇ ನೀರು ತುಂಬಿಸುತ್ತಾರೆ. ಉಳಿದವು ಕೆಸರಿನೊಳಗೆ, ಏರಿಯ ಬೇರಿನ ಸಂದಿನಲ್ಲಿ, ಏಡಿ ಬಿಲದಲ್ಲಿ ಗಾಳಿ ಉಸಿರಾಡಿಕೊಂಡು ಕೂತಿರುತ್ತವೆ. ಆದ್ದರಿಂದ ಅತಿ ತಗ್ಗಿನ ಜಾಗದಲ್ಲಿ ನಾಲ್ಕಡಿ ಚೌಕದ, ಎರಡಡಿ ಆಳದ ಗುಂಡಿ ತೋಡಿ, ಅದರಲ್ಲಿ ಮಾತ್ರ ನೀರು ನಿಲ್ಲುವಂತೆ ಮಾಡಿ ಎರಡು ರಾತ್ರಿ ಬಿಡಿ. ಅಡಗಿದ್ದ ಮೀನು ಅಲ್ಲಿಗೆ ಜಾರಿ ಬರುತ್ತದೆ. ನಸುಕಿನಲ್ಲಿ ಗಾಳಿ ಕುಡಿಯಲು ಮೇಲೆದ್ದಾಗ ಕೈಬಲೆಯಲ್ಲಿ ಎತ್ತಿ. ಎಳೆಬಲೆ ಹಾಕುವುದಾದರೆ ಅಡಿಯ ಹಗ್ಗಕ್ಕೆ ಕಬ್ಬಿಣದ ಸರಪಳಿ ಕಟ್ಟಿ, ಇಲ್ಲದಿದ್ದರೆ ಮೀನು ಬಲೆಯ ಕೆಳಗೇ ಕೆಸರು ತೂರಿ ಪಾರಾಗುತ್ತದೆ. ಹಿಡಿದದ್ದನ್ನು ಬಕೆಟ್ಟಿನಲ್ಲಿಟ್ಟರೆ ಸಾಯುವುದಿಲ್ಲ, ರಾತ್ರಿ ಒದ್ದೆ ಹುಲ್ಲಿನ ಮೇಲೆ ತೆವಳಿ ಹೋಗುತ್ತದೆ. ನೆತ್ತಿಗೆ ಭಾರದ ದೊಣ್ಣೆಯಿಂದ ಒಂದೇ ಏಟು, ಆಮೇಲೆ ಮೂರಡಿ ಗುಂಡಿಯಲ್ಲಿ ಹೂಳಿ.

ಕೆಸರು ಇನ್ನೂ ಹಸಿಯಿರುವಾಗಲೇ ಸುಟ್ಟ ಸುಣ್ಣ ಎರಚಬೇಕು. ಹತ್ತು ಗುಂಟೆ ಕೆರೆಗೆ 150ರಿಂದ 200 ಕಿಲೊ. ಗೋಡೌನಿನಲ್ಲಿ ಕಾಫಿ ಗಿಡಕ್ಕೆಂದು ತಂದಿಟ್ಟ ಕೃಷಿ ಸುಣ್ಣ, ಡೋಲೊಮೈಟ್ ಇಲ್ಲಿ ಬೂದಿಗೆ ಸಮ, ಮೀನು ಸಾಯುವಷ್ಟು ಕ್ಷಾರ ಅವುಗಳಲ್ಲಿಲ್ಲ. ಸುಟ್ಟ ಸುಣ್ಣವೂ ಹಳೆಯದಾದರೆ ತೇವ ಹೀರಿ ಸತ್ವ ಕಳೆದುಕೊಂಡಿರುತ್ತದೆ. ಕೊಳ್ಳುವ ಮುಂಚೆ ಒಂದು ಉಂಡೆಯನ್ನು ಕಬ್ಬಿಣದ ಬಾಂಡ್ಲಿಯ ನೀರಿಗೆ ಹಾಕಿ ದೂರ ನಿಲ್ಲಿ: ಸುಯ್ಯೆಂದು ಕುದ್ದು, ಹೊಗೆಯಾಡಿ, ಅರಳಬೇಕು. ತಣ್ಣಗೆ ಕೂತರೆ ಆ ಅಂಗಡಿ ಬಿಡಿ. ಗಮ್‌ಬೂಟು, ಕೈಗವಸು, ಕನ್ನಡಕ ಹಾಕಿ, ಗಾಳಿಗೆ ಬೆನ್ನು ಕೊಟ್ಟು ಎರಚಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಬಿಡದೆ ನೀರು ಹೊಯ್ದು ಆಸ್ಪತ್ರೆಗೆ ಹೋಗಿ. ಏರಿಯ ಬಿಲಗಳಿಗೆ ತಣ್ಣಗಾದ ಸುಣ್ಣದ ತಿಳಿಯಲ್ಲ, ಗಟ್ಟಿ ಗಂಜಿಯನ್ನೇ ಸುರಿಯಬೇಕು.

ಊಟೆ ನೀರಿನಿಂದ ಕೆರೆ ಪೂರ್ತಿ ಬತ್ತುವುದೇ ಇಲ್ಲವೆಂದಾದರೆ ಮೀನಿಗೆ ವಿಷವಾಗುವ ಹಿಪ್ಪೆ ಬೀಜದ ಹಿಂಡಿಯೇ ಗತಿ. ಹತ್ತು ಗುಂಟೆಯಲ್ಲಿ ಒಂದಡಿ ನೀರಿಗೆ ಸುಮಾರು 75 ಕಿಲೊ, ಹಿಂದಿನ ರಾತ್ರಿ ನೆನೆಸಿ ಎರಚುವುದು. ಎರಡು ಮೂರು ವಾರ ವಿಷ ಇರುತ್ತದೆ, ಊರ ಮೀನನ್ನೂ ಬಿಡುವುದಿಲ್ಲ. ಹಾಗಾಗಿ ಹಳ್ಳಕ್ಕೆ ನೀರು ಹರಿಯುತ್ತಿರುವ ಕೆರೆಗೆ ಇದು ಕೂಡದು. ಬೇವಿನ ಹಿಂಡಿ ಇದರ ಬದಲಿಯಲ್ಲ. ತೋಟಕ್ಕೆ ಹೊಡೆಯುವ ಕೀಟನಾಶಕದ ಡಬ್ಬಿಯನ್ನಂತೂ ಮುಟ್ಟಲೇಬೇಡಿ. ಪಂಚಾಯಿತಿ ಕೆರೆಯಾದರೆ ಮೀನುಗಾರಿಕೆ ಇಲಾಖೆಗೆ ತಿಳಿಸದೆ ಕೈ ಹಾಕಬಾರದು.

ಎರಡು ವಾರ ಒಣಗಿಸಿ ನೀರು ತುಂಬಿಸಿ. ಅಕ್ವೇರಿಯಂ ಅಂಗಡಿಯ ಪಿಎಚ್ ಪಟ್ಟಿ 8.5ಕ್ಕಿಂತ ಕೆಳಗೆ ತೋರಿಸಿದ ಮೇಲೆ ತೊಟ್ಟಿಯ ಮೀನು ಬಿಡಿ. ಒಳಹರಿವಿಗೂ ಕೋಡಿಗೂ ಸಣ್ಣ ಕಣ್ಣಿನ ಜಾಲರಿ ಬೇಕು. ಅದರ ಮುಂದೆ ಒಂದು ದೊಡ್ಡ ಕಣ್ಣಿನದನ್ನು ನಿಲ್ಲಿಸದಿದ್ದರೆ ಸಿಲ್ವರ್ ಓಕ್ ಎಲೆ ಕಟ್ಟಿಕೊಂಡು, ನೀರು ಏರಿ, ಜಾಲರಿಯನ್ನೇ ಕಿತ್ತೊಯ್ಯುತ್ತದೆ.

ಮುಂಗಾರು ಹಿಡಿದ ಮೇಲೆ ಮೂರು ರಾತ್ರಿ ಗಾಳಕ್ಕೆ ಕೋಳಿ ಕರುಳು ಸಿಕ್ಕಿಸಿ ಏರಿಯ ಮೂಲೆಗಳಲ್ಲಿ ಬಿಟ್ಟು ನೋಡಿ. ಒಂದು ಬಿದ್ದರೂ ಮುಂದಿನ ಮಾರ್ಚಿಗೆ ಸುಣ್ಣ ತರಿಸಿಡಿ.