ಉಸಿರು ಎಣಿಸೋಕೆ ಯಾವ ಭಾಷೆ?

ನಾನು ಬಳ್ಳಾರಿಯಲ್ಲಿ ಹೈಸ್ಕೂಲ್ ಗಣಿತ ಮೇಷ್ಟ್ರು. ಪ್ರತಿ ಭಾನುವಾರ ಸಂಜೆ ನಮ್ಮ ಮನೆ ಮಾಳಿಗೆ ಮೇಲೆ ಹದಿನೈದು-ಇಪ್ಪತ್ತು ಜನ ಧ್ಯಾನಕ್ಕೆ ಕೂರುತ್ತಾರೆ. ಶುರು ಮಾಡಿದ ಮೊದಲ ವಾರ ಬಂದವರು ಒಂಬತ್ತು. ಎರಡನೇ ವಾರ ಮೂರು. ತಪ್ಪು ನನ್ನದೇ. ಪಾಠ ಮಾಡೋ ಚಟ ನೋಡಿ, ಬುದ್ಧ ಹೇಳಿದ ನಾಲ್ಕು ಆರ್ಯಸತ್ಯ, ಅಷ್ಟಾಂಗ ಮಾರ್ಗ ಅಂತ ಮುಕ್ಕಾಲು ಗಂಟೆ ಕೊರೆದಿದ್ದೆ. ಸುಮ್ನೆ ಕೂತಿದ್ದು ಹತ್ತು ನಿಮಿಷ.

ನಾನು ಕಲಿತದ್ದು ವಿಪಶ್ಯನ ಅನ್ನೋ ಬೌದ್ಧ ಧ್ಯಾನದ ಹತ್ತು ದಿನದ ಶಿಬಿರದಲ್ಲಿ. ಬರ್ಮಾದಲ್ಲಿ ಧ್ಯಾನಗುರು ಊ ಬಾ ಖಿನ್ ಅವರ ಬಳಿ ಕಲಿತ ಗೋಯೆಂಕಾ ಅವರು 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದ ಪದ್ಧತಿ ಅದು. ಬೆಳಿಗ್ಗೆ ನಾಲ್ಕಕ್ಕೆ ಗಂಟೆ, ದಿನವಿಡೀ ಮೌನ, ಮೊದಲ ಮೂರು ದಿನ ಬರೀ ಉಸಿರು. ನಾಲ್ಕನೇ ದಿನದಿಂದ ಕಲಿಸೋ ಭಾಗವನ್ನು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಕೊಡೋ ಅಧಿಕಾರ ನನಗಿಲ್ಲ. ಹಾಗಾಗಿ ನಮ್ಮ ಮಾಳಿಗೆಯಲ್ಲಿ ಇರೋದು ಎರಡೇ: ಉಸಿರು ನೋಡೋದು, ಆಮೇಲೆ ಐದು ನಿಮಿಷ ಮೆತ್ತ, ಅಂದರೆ ಎಲ್ಲರಿಗೂ ಒಳ್ಳೆಯದಾಗಲಿ ಅಂತ ಮನಸ್ಸಲ್ಲೇ ಬಯಸೋದು.

ಬರೋರಾದರೂ ಯಾರು? ಜೀನ್ಸ್ ಹೊಲಿಯೋ ಟೈಲರ್‌ಗಳು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕೆಲಸಕ್ಕೆ ಒಡಿಶಾ, ಬಿಹಾರದಿಂದ ಬಂದ ಹುಡುಗರು. ಮನೆಯಲ್ಲಿ ತೆಲುಗು ಮಾತಾಡೋ ಅಕ್ಕ-ತಂಗಿ. ಕೌಲ್ ಬಜಾರ್‌ನ ಒಬ್ಬ ನರ್ಸ್, ಅವರದು ಉರ್ದು. ಒಂದು ಮಾತು ಹೇಳಿದರೆ ಮೂರು ಭಾಷೆಗೆ ತಿರುಗಿಸಬೇಕು. ಅಷ್ಟರಲ್ಲಿ ಕೂತವರಿಗೆ ಆಕಳಿಕೆ.

ಕೊನೆಗೆ ಎಣಿಕೆ ಹಿಡಿದೆ. ಒಳಗೆ ಹೋದ ಉಸಿರು, ಹೊರಗೆ ಬಂದ ಉಸಿರು ಸೇರಿ ಒಂದು. ಹೀಗೆ ಹತ್ತರವರೆಗೆ, ಮತ್ತೆ ಒಂದರಿಂದ. ಇದು ನನ್ನ ಜಾಣತನ ಅಲ್ಲ. ಐದಕ್ಕಿಂತ ಕಡಿಮೆ ಬೇಡ, ಹತ್ತಕ್ಕಿಂತ ಜಾಸ್ತಿ ಬೇಡ ಅಂತ ಐದನೇ ಶತಮಾನದಲ್ಲೇ ಬೌದ್ಧ ಪಂಡಿತ ಬುದ್ಧಘೋಷ ಬರೆದಿಟ್ಟಿದ್ದಾನೆ. ಐದಕ್ಕಿಂತ ಕಡಿಮೆ ಎಣಿಸಿದರೆ ಮನಸ್ಸು ಇಕ್ಕಟ್ಟಾದ ದೊಡ್ಡಿಯಲ್ಲಿ ಕೂಡಿದ ದನದ ಹಾಗೆ ಒದ್ದಾಡುತ್ತಂತೆ. ಹತ್ತು ದಾಟಿದರೆ ಉಸಿರು ಬಿಟ್ಟು ಲೆಕ್ಕಕ್ಕೇ ಅಂಟಿಕೊಳ್ಳುತ್ತಂತೆ. ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಸಲೀಸಾದ ದಾರಿ ಯಾವುದಿದೆ?

ಮೊದಲ ದಿನ ಜೋರಾಗಿ ಎಣಿಸಿ ಅಂದೆ. ಒಂದು, ಒಕಟಿ, ಏಕ್, ಎಲ್ಲ ಒಟ್ಟಿಗೆ. ಸಂತೆ ಥರ ಕೇಳಿಸಿತು, ಎಲ್ಲರೂ ನಕ್ಕರು. ಆಮೇಲೆ ಮನಸ್ಸಲ್ಲೇ ಎಣಿಸಿ ಅಂದೆ. ಅವತ್ತು ಮೊದಲ ಸಲ ಪೂರ್ತಿ ಹನ್ನೆರಡು ನಿಮಿಷ ಯಾರೂ ಕದಲಲಿಲ್ಲ. ಪಕ್ಕದ ಮನೆ ಕುಕ್ಕರ್ ಮೂರು ಸೀಟಿ ಹೊಡೆದದ್ದು ಮಾತ್ರ ಗೊತ್ತು.

ಕೂರೋ ವಿಷಯಕ್ಕೆ ಬಂದರೆ, ಪದ್ಮಾಸನದ ಹಟ ಬಿಡಿ. ಹಳೇ ಕೌದಿ ನಾಲ್ಕು ಮಡಿಕೆ ಮಾಡಿ ಕುಂಡಿ ಕೆಳಗೆ ಇಟ್ಟುಕೊಂಡರೆ ಮೊಣಕಾಲು ನೋವು ಅರ್ಧ ಹೋಗುತ್ತೆ. ಉಳಿದವರಿಗೆ ಕುರ್ಚಿ. ಸೊಳ್ಳೆ ಕಚ್ಚಿದರೂ ಗಮನಿಸುತ್ತಾ ಕೂರಿ ಅನ್ನೋ ವೀರರಿದ್ದಾರೆ, ನಾನಂತೂ ಕಾಯಿಲ್ ಹಚ್ಚುತ್ತೇನೆ. ಬೇಸಿಗೆಯಲ್ಲಿ ನಾಲ್ಕು ಗಂಟೆಗೇ ಮಾಳಿಗೆಗೆ ನೀರು ಚೆಲ್ಲಬೇಕು, ಇಲ್ಲಾಂದ್ರೆ ಬಳ್ಳಾರಿ ಬಿಸಿಲು ಕುಡಿದ ಕಾಂಕ್ರೀಟು ಏಳಾದರೂ ಸುಡುತ್ತೆ. ಗಂಟೆ ಅಂತ ಬೇರೆ ಕೊಂಡಿಲ್ಲ. ಹಿತ್ತಾಳೆ ಲೋಟ, ಚಮಚ.

ಕಷ್ಟ ಆದದ್ದು ಇದ್ಯಾವುದೂ ಅಲ್ಲ, ಗೋಡೆ ಮೇಲಿನ ಬುದ್ಧನ ಫೋಟೋ. ನಮ್ಮಲ್ಲಿ ಬಿಪಿ, ನಿದ್ದೆ, ಟೆನ್ಶನ್ ಅಂತ ಬಂದವರಿದ್ದಾರೆ. ಬಾಬಾಸಾಹೇಬ ಅಂಬೇಡ್ಕರರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ತಗೊಂಡ ದಿನವನ್ನು ಮನೆಹಬ್ಬದ ಥರ ಮಾಡುವವರೂ ಇದ್ದಾರೆ. ಮೊದಲಿನ ಗುಂಪಿನ ಒಬ್ಬರು, "ಫೋಟೋ ತೆಗೀರಿ ಸಾರ್, ಇನ್ನೂ ಜನ ಬರ್ತಾರೆ" ಅಂದರು. ನಾನೂ ಜನ ಜಾಸ್ತಿ ಆಗ್ಲಿ ಅನ್ನೋ ಆಸೆಗೆ ತೆಗೆದೆ. ಗೋಡೆಯಲ್ಲಿ ಬರೀ ಮೊಳೆ ಉಳಿಯಿತು. ರೈಲ್ವೆಯಲ್ಲಿ ರಿಟೈರ್ ಆದ ಹಿರಿಯರೊಬ್ಬರು ಆ ಮೊಳೆ ನೋಡಿ, "ಬುದ್ಧ ಕಲಿಸಿದ್ದು ಬೇಕು, ಬುದ್ಧ ಬ್ಯಾಡ. ಹೌದಲ್ರೀ ಮೇಷ್ಟ್ರೇ?" ಅಂದರು. ಸಿಟ್ಟಿಲ್ಲ, ಏನಿಲ್ಲ. ಮುಂದಿನ ವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಅವರ ಮನೆಗೆ ಹೋಗಿ ತಪ್ಪಾಯ್ತು ಅಂದೆ. ವಾಪಸ್ ಬಂದು ಫೋಟೋ ಹಾಕಿದೆ.

ಈಗಿನ ಕ್ರಮ ಹೀಗಿದೆ. ಮೊದಲು ಎಲ್ಲರೂ ಕೂರೋದು. ಆಮೇಲೆ ಚಹಾ. ಚಹಾ ಆದ ಮೇಲೆ ಇಷ್ಟ ಇದ್ದವರು ಬುದ್ಧ, ಧಮ್ಮ, ಸಂಘಕ್ಕೆ ಶರಣು ಅನ್ನೋ ತ್ರಿಶರಣ, ಐದು ನಿಯಮಗಳ ಪಂಚಶೀಲ ಹೇಳ್ತಾರೆ, ಹೋಗೋರು ಹೋಗ್ತಾರೆ. ಯಾರೂ ಯಾರನ್ನೂ ಕೇಳಂಗಿಲ್ಲ. ನರ್ಸ್ ಬಾಯಿ ಬಿಡಲ್ಲ, ಆದರೆ ಮುಗಿಯೋತನಕ ಕೂತಿರ್ತಾರೆ.

ಚಹಾದ ಬಗ್ಗೆಯೂ ಒಂದು ಮಾತು. ವಾರಕ್ಕೊಬ್ಬರ ಮನೆಯಿಂದ ಫ್ಲಾಸ್ಕು, ಜೊತೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬರಬೇಕು ಅಂತ ಪಾಳಿ ಹಾಕಿದ್ದೆ. ಒಂದು ಮನೆಯ ಪಾಳಿ ಬಂದ ದಿನ ಒಬ್ಬರಿಗೆ ಇದ್ದಕ್ಕಿದ್ದಂಗೆ ಉಪವಾಸ ನೆನಪಾಯ್ತು. ಆ ಮನೆಯ ಮುಂದಿನ ಪಾಳಿಗೂ ಅದೇ ಉಪವಾಸ. ಯಾಕೆ ಅಂತ ನಮ್ಮೂರವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾಳಿ ಬದಲಿಸಲಿಲ್ಲ. ಅವರು ಬರೋದು ಬಿಟ್ಟರು, ನಾನೂ ಕರೆಯಲಿಲ್ಲ.

ಮೊನ್ನೆ ಚಳಿಗಾಲದಲ್ಲಿ ಹನ್ನೊಂದು ಜನ ರೈಲು ಹತ್ತಿ ಕೊಪ್ಪಳಕ್ಕೆ ಹೋದೆವು. ಗವಿಮಠದ ಗುಡ್ಡದಲ್ಲಿ ಅಶೋಕನ ಶಾಸನ ಇದೆ. ನಮ್ಮ ಜಿಲ್ಲೆಯ ನಿಟ್ಟೂರಲ್ಲೂ ಇದೆ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಇದೆ. ಮಸ್ಕಿಯದು 1915ರಲ್ಲಿ ಸಿಕ್ಕಿದ್ದು, ಶಾಸನಗಳಲ್ಲಿ ಬರೋ ದೇವಾನಾಂಪ್ರಿಯ ಅನ್ನೋ ರಾಜ ಅಶೋಕನೇ ಅಂತ ಖಾತ್ರಿಯಾಗಿದ್ದು ಅದರಿಂದ. ಕೊಪ್ಪಳಕ್ಕೆ ಹೋದರೆ ಮಠದ ದಾಸೋಹದಲ್ಲಿ ಊಟವೂ ಆಗುತ್ತೆ ಅಲ್ವಾ, ಅದಕ್ಕೇ ಅದನ್ನು ಆರಿಸಿದ್ದು.

ಶಾಸನದ ಬ್ರಾಹ್ಮಿ ಲಿಪಿ ನನಗೆ ಓದೋಕೆ ಬರಲ್ಲ. ಅನುವಾದ ಬರೆದುಕೊಂಡು ಹೋಗಿದ್ದೆ. ಅದರಲ್ಲಿ ಅಶೋಕ ಹೇಳೋದಿಷ್ಟು: ನಾನು ಉಪಾಸಕ, ಅಂದರೆ ಬುದ್ಧನ ಗೃಹಸ್ಥ ಅನುಯಾಯಿ, ಆಗಿ ಎರಡೂವರೆ ವರ್ಷದ ಮೇಲಾಯ್ತು, ಆದರೆ ಒಂದು ವರ್ಷ ಅಷ್ಟಾಗಿ ಪ್ರಯತ್ನ ಪಡಲಿಲ್ಲ. ಭಿಕ್ಷುಗಳ ಸಂಘದ ಹತ್ತಿರ ಬಂದು ವರ್ಷ ದಾಟಿತು, ಈಗ ಚೆನ್ನಾಗಿ ಪ್ರಯತ್ನ ಪಡ್ತಿದ್ದೇನೆ. ಇದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ.

ನಮ್ಮಲ್ಲಿ ಒಬ್ಬ ಟೈಲರ್ ಇದ್ದಾನೆ. ವಾರವಿಡೀ ಮಷಿನ್ ತುಳಿದು ಬಂದು, ಕಣ್ಣು ಮುಚ್ಚಿದ ಮೂರನೇ ನಿಮಿಷಕ್ಕೆ ಗೊರಕೆ. ಎಬ್ಬಿಸಬೇಡಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ. ಅವನು ಬಂಡೆಗೆ ಒರಗಿ ಎಲ್ಲಾ ಕೇಳಿಸಿಕೊಂಡ. ಬೆರಳು ಮಡಚಿ ಏನೋ ಲೆಕ್ಕ ಹಾಕಿದ.

"ರಾಜಗ ಒಂದ್ ವರ್ಷ ಹಿಡೀತು. ನಾ ಬರಾಕತ್ತಿ ಎಂಟು ತಿಂಗಳಾತು. ಅಂದ್ರ ಇನ್ನೂ ನಾಕು ತಿಂಗಳು ಮಲಗಬಹುದಲ್ರೀ ಸಾರ್?"